ಏಳನೆಯ ನಂಬರಿನ ಬಲಗಾಲು

ಆರನೆಯ ಪ್ರಶ್ನೆಯನ್ನು ಶ್ರೇಯಾಂಸಕುಮಾರ ಬೆಳಗಿನಿಂದ ನಾಲ್ಕನೆಯ ಸಲ ಓದಿದ. ಮೈಸೂರಿನ ಗೊಂಬೆ ಸಂಗ್ರಾಹಕರ ಬಳಗದವರು ಸೈಕ್ಲೋಸ್ಟೈಲ್ ಮಾಡಿ ಹಂಚುವ ನಾಲ್ಕು ಹಾಳೆಯ ಪತ್ರಿಕೆಯಲ್ಲಿ ಆ ಪ್ರಶ್ನೆ ಎರಡು ಸಾಲು, ಅದರ ಉತ್ತರ ಹನ್ನೊಂದು ಸಾಲು. 'ಮೂಡುಬಿದಿರೆಯ ಅನಂತಮತಿ ಬೊಂಬೆ ಕಾರ್ಖಾನೆಯವರ ಏಳನೆಯ ನಂಬರಿನ ಕಂಡಕ್ಟರ್ ಬೊಂಬೆಯ ಬಲಗಾಲು ಎಡಗಾಲಿಗಿಂತ ಕಾಲು ಇಂಚು ಗಿಡ್ಡವಾಗಿದೆ. ಇದು ಬೇಕೆಂದೇ ಮಾಡಿದ್ದೋ, ತಪ್ಪಿ ಆದದ್ದೋ?' ಹನ್ನೊಂದು ಸಾಲಿನ ಉತ್ತರ ಅವನದೇ. ಬರೆದ ದಿನ ಅದನ್ನು ಖುಷಿಯಿಂದ ಬರೆದಿದ್ದ, ಎರಡು ಸಲ ತಿದ್ದಿ, ನಗು ಬರುವ ಜಾಗದಲ್ಲಿ ನಗು ಬರಲಿ ಎಂದು ವಾಕ್ಯವನ್ನು ಮುರಿದು. ನಮ್ಮ ಆಚಾರಿಯ ಮನೆಮಾತು ತುಳು, ಎಂದು ಬರೆದಿದ್ದ. ಬೊಂಬೆ ಪೆಟ್ಟಿಗೆಯೊಳಗೆ ಹಿಡಿಯುವುದಿಲ್ಲವೆಂದು 'ಕಾಲು ಕಡಿಮೆ ಮಾಡುವುದು' ಎಂದು ಚೀಟಿ ಕಳಿಸಿದೆವು, ಎತ್ತರದಲ್ಲಿ ಕಾಲು ಇಂಚು ತಗ್ಗಿಸಲಿ ಎಂಬ ಅರ್ಥದಲ್ಲಿ. ಪಾಪ, ಅವನು ಒಂದು ಕಾಲನ್ನೇ ಕಡಿಮೆ ಮಾಡಿದ. ಮೈಸೂರಿನವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ, ಹಾಗೆಂದು ಕಾಗದ ಬಂದಿತ್ತು. ನಗಲಿ. ತುಳುವಿನಲ್ಲಿ ಕಾಲ್ ಎಂದರೆ ನಾಲ್ಕರಲ್ಲೊಂದು, ಅಷ್ಟೆ. ನಡೆಯುವ ಕಾಲಿಗೆ ಕಾರ್ ಎನ್ನುತ್ತಾರೆ. ತುಳುವವನು ತಪ್ಪುವುದಿದ್ದರೆ ಈ ಕಡೆಗೆ ತಪ್ಪುವುದಿಲ್ಲ. ಘಟ್ಟದ ಮೇಲಿನವರು ಮಾತ್ರ ನಂಬುವ ಕಥೆ ಅದು, ಆಚಾರಿಯ ಊರಾದ ಸಿದ್ಧಕಟ್ಟೆಯ ಯಾವ ಮಗುವಿಗೆ ಹೇಳಿದರೂ ಮುಖ ನೋಡೀತು. ಕಾಗದದಲ್ಲಿ ಇದ್ದಷ್ಟು ದಿನ ಅದಕ್ಕೆ ಭಯವಿರಲಿಲ್ಲ. ಈಗ ಕಥೆ ಓದಿದವರು ಕಥೆಯ ಮನುಷ್ಯನನ್ನು ನೋಡಬೇಕೆಂದು ಬಸ್ಸು ಹತ್ತಿ ಬರುತ್ತಿದ್ದರು.

ಬಂದರು. ರಿಟೈರಾದ ಹೆಡ್ಮಾಸ್ತರರು ಸುಬ್ಬನರಸಿಂಹಯ್ಯ, ಅವರ ಹೆಂಡತಿ ಜಾನಕಮ್ಮ. ಹೆಡ್ಮಾಸ್ತರರ ಕೈಯಲ್ಲಿ ನೋಟ್‌ಬುಕ್ಕು, ಜಾನಕಮ್ಮನ ಕೈಚೀಲದಲ್ಲಿ ಸೀರೆಯ ಮಡಿಕೆಗಳ ನಡುವೆ ಸುತ್ತಿಟ್ಟ ಏಳನೆಯ ನಂಬರು. ಕಾರ್ಖಾನೆಯ ಯಜಮಾನ ಹೇಮರಾಜ ಮಾವ ಹೊಸ ಪಂಚೆ ಉಟ್ಟು ಬಾಗಿಲಲ್ಲಿ ನಿಂತು ಬರಮಾಡಿಕೊಂಡರು, ಇವ ನನ್ನ ಅಳಿಯ, ಕಾಗದಪತ್ರ ಎಲ್ಲ ಇವನದೇ ಎಂದು ತೋರಿಸಿದರು. ಮಗಳನ್ನು ಎಂದು ಕೊಟ್ಟಿರಿ ಎಂದು ಹೆಡ್ಮಾಸ್ತರರು ಕೇಳಿದರು. ಇಲ್ಲಿಯ ಅಳಿಯ ಎಂದರೆ ಅಕ್ಕನ ಮಗ, ನಾಳೆ ಕಾರ್ಖಾನೆ ಸೇರುವುದೂ ಅವನಿಗೇ ಎಂದು ಮಾವ ಬಿಡಿಸಿ ಹೇಳಬೇಕಾಯಿತು. ಹೆಡ್ಮಾಸ್ತರರು ಅದನ್ನೂ ಬರೆದುಕೊಂಡು, ಶಬ್ದಗಳು ಊರಿಗೊಂದು ಅರ್ಥ, ನಿಮ್ಮ ಕಾಲಿನ ಹಾಗೆಯೇ ಎಂದು ಶ್ರೇಯಾಂಸನ ಕಡೆ ಕಣ್ಣು ಮಿಟುಕಿಸಿದರು. ಆಮೇಲೆ ಪ್ರಶ್ನೆಗಳು. ಪೊಲೀಸ್ ಬೊಂಬೆಯ ಮೀಸೆ ಎರಡನೆಯ ವರ್ಷ ಯಾಕೆ ಹೋಯಿತು? ಅಂಚೆಯವನ ಚೀಲ ಮೊದಲು ಹಸುರಿತ್ತಲ್ಲ? ಹೆಗಲು ಒತ್ತಿದರೆ ಕೈ ಏಳುವ ತಂತಿ ಒಳಗೆ ಯಾವ ದಾರಿಯಲ್ಲಿ ಹೋಗುತ್ತದೆ, ಹಾಲೆ ಮರ ಎಷ್ಟು ತಿಂಗಳು ಒಣಗಬೇಕು? ಮಾವನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಮೀಸೆ ಹೋದದ್ದು ಮೀಸೆ ಬರೆಯುತ್ತಿದ್ದ ಹುಡುಗಿಗೆ ಮದುವೆಯಾಗಿ ಹೋದದ್ದರಿಂದ ಎಂಬುದು ಶ್ರೇಯಾಂಸನಿಗೆ ಗೊತ್ತಿತ್ತು. ಇಷ್ಟು ಗೌರವದಿಂದ ಈ ಬೊಂಬೆಗಳ ವಿಷಯ ಯಾರೂ ಯಾವತ್ತೂ ಕೇಳಿರಲಿಲ್ಲ. ನಿಜ ಹೇಳಿದರೂ ಇವರು ಸಂತೋಷಪಡುತ್ತಿದ್ದರು ಎಂದು ಅವನಿಗೆ ಅನ್ನಿಸಿತು.

ನಿಜ ಇಷ್ಟೇ. ಮೂರು ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ಊಟವಾದ ಮೇಲೆ, ಐತಪ್ಪ ಆಚಾರಿ ಕಂಡಕ್ಟರಿನ ಮಾದರಿ ತಂದು ನೆಲದ ಮೇಲೆ ಇಟ್ಟಿದ್ದ. ಮಾವ ಅದನ್ನು ತಿರುಗಿಸಿ ನೋಡಿ, ಇದರಲ್ಲಿ ಜೀವ ಇಲ್ಲ ಎಂದರು. ಮಾವನ ಬಾಯಿಂದ ಅದೇ ಮಾತು ಶ್ರೇಯಾಂಸನ ಮೇಲೂ ಎಷ್ಟೋ ಸಲ ಬಂದಿತ್ತು: ಈ ಹುಡುಗನಲ್ಲಿ ಏನೂ ಇಲ್ಲ, ಬರೆಯುತ್ತಾನೆ ಅಷ್ಟೆ. ಏನಾಯಿತೋ, ಅವನು ಎದ್ದ. ಗೋಡೆಯ ಮೊಳೆಯಲ್ಲಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಪೆಟ್ಟಿಗೆಗಳ ಸಾಲಿನ ನಡುವೆ, ಒಂದು ಕಾಲು ಎಳೆದುಕೊಂಡು, ಸೊಂಟ ವಾಲಿಸಿ, ಎರಡೂ ಕಡೆಯ ಸೀಟುಗಳನ್ನು ಹಿಡಿಯುವಂತೆ ಕೈ ಹಾಕುತ್ತ, 'ರೈಟ್, ಪೋಯಿ' ಎಂದು ಬಸ್ಸು ಹೊರಡಿಸುವ ಕಂಡಕ್ಟರನ ರಾಗ ಎಳೆದು ನಡೆದ. ಮಾವ ಒಂದು ಕ್ಷಣ ನೋಡಿದರು, ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಯ್ಯೋ, ನಮ್ಮ ಬಂಟ್ವಾಳದ ಬಸ್ಸಿನ ರವೂಫನೇ ಎಂದರು. ಅಷ್ಟು ನಗಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ, ಆದ್ದರಿಂದ ಅವನು ಮತ್ತೊಂದು ಸುತ್ತು ನಡೆದ. ಯಾರೂ ಕೇಳಿರಲಿಲ್ಲ, ಆದರೂ ನಡೆದ. ಈ ಎರಡನೆಯ ಸುತ್ತನ್ನೇ ಅವನಿಗೆ ಈಗಲೂ ನಾಚಿಕೆಯಿಂದ ನೆನೆಯಲಾಗುವುದಿಲ್ಲ. ನೆಲದ ಮೇಲೆ ಕೂತಿದ್ದ ಆಚಾರಿ ನಗಲಿಲ್ಲ. ಅರೆಗಣ್ಣು ಮಾಡಿ ಅವನ ಕಾಲುಗಳನ್ನು ನೋಡಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು ಮಾದರಿಯ ಮೊಣಕಾಲಿನ ಕೆಳಗೆ ಒಂದು ಗೀಟು ಹಾಕಿದ. ಹಾಗೇ ಮಾಡು ಆಚಾರಿ ಎಂದರು ಮಾವ. ಚೀಟಿಯೂ ಇಲ್ಲ, ಕಾಲು ಇಂಚಿನ ಮಾತೂ ಇಲ್ಲ. ಹನ್ನೆರಡು ಡಜನ್ ಹೋದವು. ಬೆಳ್ತಂಗಡಿಯ ಅಂಗಡಿಯವರು ಬೊಂಬೆ ನಿಲ್ಲುವುದಿಲ್ಲ, ಮಗುಚುತ್ತದೆ ಎಂದು ಒಂದು ಪೆಟ್ಟಿಗೆ ವಾಪಸು ಕಳಿಸಿದ್ದರಿಂದ ಮಾವ ಮುಂದಿನವಕ್ಕೆ ಎರಡೂ ಕಾಲು ಸಮ ಮಾಡಿಸಿದರು. ಮಗುಚದೆ ನಿಲ್ಲುತ್ತಿದ್ದರೆ ಇವತ್ತಿಗೂ ಕುಂಟುತ್ತಲೇ ಇರುತ್ತಿತ್ತು.

ಅಬ್ದುಲ್ ರವೂಫ್ ಅವನ ಜೊತೆ ಬೋರ್ಡ್ ಶಾಲೆಯಲ್ಲಿ ಐದನೆಯವರೆಗೆ ಓದಿದವನು. ಕಾಲು ಆಗಲೇ ಹಾಗೆ ಇತ್ತು. ಅದರ ವಿಷಯ ಯಾರೂ ಮಾತಾಡುತ್ತಿರಲಿಲ್ಲ, ಮಾತಾಡುವಂಥದ್ದು ಎಂದು ಯಾರಿಗೂ ತೋಚಿರಲಿಲ್ಲ. ರವೂಫ್ ಕಂಡಕ್ಟರನಾದ ಮೇಲೆ, ಶ್ರೇಯಾಂಸ ಬಂಟ್ವಾಳಕ್ಕೆ ಹೋಗುವ ದಿನಗಳಲ್ಲಿ, ಅವನಿಗಾಗಿ ಡ್ರೈವರನ ಪಕ್ಕದ ಸೀಟನ್ನು ಟವೆಲು ಹಾಸಿ ಹಿಡಿದಿಡುತ್ತಿದ್ದ. ಎಂಜಿನ್ನಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿದ ಸೀಟು ಅದು, ಇಡೀ ಬಸ್ಸು ಎದುರಿಗೆ ಕಾಣುತ್ತದೆ. ಧೂಳು ಬರುವುದಿಲ್ಲ, ನೀನು ಬರೆಯುವವ, ನಿನಗೆ ಕಣ್ಣು ಬೇಕು ಎನ್ನುತ್ತಿದ್ದ. ಬೊಂಬೆ ಮಾರಾಟವಾದ ವರ್ಷ ಸಿದ್ಧಕಟ್ಟೆಯ ಶಾಲೆಮಕ್ಕಳು ಬಸ್ಸು ನಿಂತಾಗಲೆಲ್ಲ ಹೆಗಲು ಒತ್ತಿಕೊಂಡು ಕೈ ಎತ್ತಿ ಕುಂಟಿ ತೋರಿಸುತ್ತಿದ್ದರು. ರವೂಫ್ ಸೀಟಿ ಊದಿ ಬಾಗಿಲು ಬಡಿಯುತ್ತಿದ್ದ, ಮೊದಲಿನ ಹಾಗೆಯೇ ನಗುತ್ತಿದ್ದ. ಆ ನಗುವಿನಲ್ಲಿ ಏನಿದೆ ಎಂದು ಶ್ರೇಯಾಂಸ ನೋಡಲು ಹೋಗಲಿಲ್ಲ. ಟವೆಲು ಹಾಸಿದ ಸೀಟಿನಲ್ಲಿ ಕೂತು ಕಿಟಕಿಯ ಕಡೆ ತಿರುಗುತ್ತಿದ್ದ. ರವೂಫನಿಗೆ ಗೊತ್ತಿಲ್ಲ, ಬೊಂಬೆಗೆ ನಡಿಗೆ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮೂರು ವರ್ಷ ಕಳೆದಿದ್ದ. ಇವತ್ತು ಆ ಗುಟ್ಟು ಉಳಿದರೆ ಸಾಕಿತ್ತು. ರವೂಫನ ಕಿವಿಗೆ ಆರನೆಯ ಪ್ರಶ್ನೆ ಬೀಳಬಾರದು, ಆಚಾರಿಯ ಕಿವಿಗೆ ಆರನೆಯ ಉತ್ತರ ಬೀಳಬಾರದು.

ಆಚಾರಿಗೆ ಮೈ ಸರಿ ಇಲ್ಲ ಎಂದು ಹೇಳಿ ನೋಡಿದ. ಮಾವನೇ ಅದನ್ನು ಕೆಡಿಸಿದರು, ನಿನ್ನೆ ಬಂದು ಹೋದನಲ್ಲ ಎಂದು. ಸಿದ್ಧಕಟ್ಟೆಗೆ ದಾರಿ ಸರಿ ಇಲ್ಲ ಎಂದ. ನಾವು ಚಾರ್ಮಾಡಿ ಘಾಟಿ ಇಳಿದು ಬಂದವರು ಸ್ವಾಮಿ ಎಂದರು ಹೆಡ್ಮಾಸ್ತರರು. ಕೊನೆಗೆ ಬಸ್ಸಿನ ಹೊತ್ತನ್ನಾದರೂ ತನ್ನ ಕೈಯಲ್ಲಿ ಇಟ್ಟುಕೊಂಡ. ಹತ್ತೂವರೆಯ ಬಸ್ಸಿನಲ್ಲಿ ಬೇರೆ ಕಂಡಕ್ಟರು. ಹನ್ನೆರಡಕ್ಕೆ ಅದೇ ಬಸ್ಸು ತಿರುಗಿ ಬರುತ್ತದೆ. ರವೂಫನದು ಒಂದೂವರೆಗೆ. ಒಂದು ಗಂಟೆಯಲ್ಲಿ ಮುಗಿಸಬೇಕು ಎಂದು ಅವನು ಹೊರಡುವ ಮೊದಲೇ ಎರಡು ಸಲ ಹೇಳಿದ. ಜಾನಕಮ್ಮ ಅವನ ಮುಖವನ್ನು ಒಮ್ಮೆ ನೋಡಿ, ನಿಮಗೆ ಬೇರೆ ಕೆಲಸ ಇತ್ತೇನೋ ಎಂದರು. ಇಲ್ಲ, ಏನೂ ಇಲ್ಲ ಎಂದ.

ಆಚಾರಿಯ ಮನೆಯ ಜಗಲಿಯಲ್ಲಿ ಹಾಲೆ ಮರದ ತುಂಡುಗಳು ಒಣಗುತ್ತಿದ್ದವು. ತಲೆ ಇಲ್ಲದ ಅಂಚೆಯವರು ಒಂದು ಬುಟ್ಟಿಯಲ್ಲಿ, ಅವರ ತಲೆಗಳು ಇನ್ನೊಂದರಲ್ಲಿ. ಆಚಾರಿಯ ಹೆಂಡತಿ ಸೇಸಮ್ಮ ಬೆಲ್ಲ ನೀರು ತಂದಿಟ್ಟಳು. ಸಣ್ಣ ಧನಿಗಳು ಬಂದಿದ್ದಾರೆ ಎಂದು ಆಚಾರಿ ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಕಟ್ಟಿ ನಿಂತೇ ಇದ್ದ, ಎಷ್ಟು ಹೇಳಿದರೂ ಕೂರಲಿಲ್ಲ. ಹೆಡ್ಮಾಸ್ತರರು ಮಕ್ಕಳ ಹಾಗೆ ಆಗಿಬಿಟ್ಟಿದ್ದರು. ಪ್ರತಿ ಉಳಿಯನ್ನೂ ಕೈಯಲ್ಲಿ ಹಿಡಿದು ನೋಡಿದರು, ತಂತಿಯ ದಾರಿ ನೋಡಿದರು. ಆಚಾರಿ ಒಂದು ಬೊಂಬೆಯನ್ನು ಸೀಳಿಯೇ ತೋರಿಸಿದ. ಮರದ ನಡುವೆ ಸಣ್ಣ ಕಾಲುವೆಯ ಹಾಗೆ ಕೊರೆದ ಆ ದಾರಿಯನ್ನು ಕಂಡು ಶ್ರೇಯಾಂಸನಿಗೂ ಆಶ್ಚರ್ಯವಾಯಿತು. ಇಷ್ಟು ವರ್ಷ ಈ ಬೊಂಬೆಗಳ ವಿಷಯ ಕಾಗದ ಬರೆದಿದ್ದಾನೆ, ಒಳಗೆ ಒಂದನ್ನೂ ನೋಡಿರಲಿಲ್ಲ. ಹನ್ನೆರಡರ ಬಸ್ಸು ಹಾರ್ನ್ ಹಾಕಿ ಹೋದದ್ದು ಕೇಳಿಸಿತು. ಅವನು ಎದ್ದು ನಿಂತ, ಮತ್ತೆ ಕೂತ. ಆಗ ಹೆಡ್ಮಾಸ್ತರರು ಕೈಚೀಲದಿಂದ ಏಳನೆಯ ನಂಬರನ್ನು ಬಿಚ್ಚಿ ಹೊರಗೆ ತೆಗೆದರು. ನಿಧಾನವಾಗಿ, ಪಾಠ ಮಾಡುವವರಂತೆ, ಚೀಟಿಯ ಕಥೆಯನ್ನು ಆಚಾರಿಗೇ ಹೇಳಿದರು. ನಿಮ್ಮ ಒಂದು ತಪ್ಪಿನಿಂದ ಈ ಬೊಂಬೆ ಮೈಸೂರಿನಲ್ಲಿ ಎಲ್ಲಕ್ಕಿಂತ ಹೆಸರಾಗಿದೆ, ನಾಚಿಕೊಳ್ಳಬೇಡಿ ಎಂದರು. ಕಾಲು ಅಂತ ಬರೆದಿದ್ದನ್ನ ನೀವು ಈ ಕಾಲು ಅಂತ ಓದಿಕೊಂಡ್ರಿ, ಅಲ್ವಾ?

ಆಚಾರಿ ಬೊಂಬೆಯನ್ನು ನೋಡಿದ. ಆಮೇಲೆ ಶ್ರೇಯಾಂಸನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಒಳ್ಳೆಯದಿತ್ತು. ಕೆಲಸಕ್ಕೆ ಅಳತೆ ಕೇಳುವವನ ನೋಟ ಅದು: ಎಷ್ಟು ಬೇಕು, ಹೇಳಿ, ಅಷ್ಟು ಕಡಿಯುತ್ತೇನೆ. ಈಗ ಬಾಯಿ ತೆರೆಯಬೇಕು ಎಂದು ಶ್ರೇಯಾಂಸನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಚೀಟಿ ಇರಲಿಲ್ಲ ಎಂದರೆ ಸಾಕು, ಎರಡು ಶಬ್ದ. ನಾಲಗೆಯ ಮೇಲೆ ಬೆಲ್ಲ ಅಂಟಿಕೊಂಡಿತ್ತು. ಅವನು ಬುಟ್ಟಿಯಲ್ಲಿದ್ದ ತಲೆಗಳನ್ನು ನೋಡಿದ.

"ಹೌದು, ನನಗೆ ತಪ್ಪಿತು" ಎಂದ ಆಚಾರಿ, ಶಾಲೆಯ ಕನ್ನಡದಲ್ಲಿ, ಒಂದೊಂದೇ ಅಕ್ಷರ ಇಟ್ಟು.

ಹೆಡ್ಮಾಸ್ತರರಿಗೆ ಸಂತೋಷವಾಯಿತು. ಬೊಂಬೆಯನ್ನು ಮಗುಚಿ ಗಿಡ್ಡ ಕಾಲಿನ ಪಾದದ ಅಡಿ ತೋರಿಸಿ, ಇಲ್ಲಿ ನಿಮ್ಮ ರುಜು ಬೇಕು ಎಂದು ಪೆನ್ನು ಕೊಟ್ಟರು. ಆಚಾರಿ ಪೆನ್ನು ಹಿಡಿಯಲಿಲ್ಲ. ಬಣ್ಣದ ಚಿಪ್ಪಿನಲ್ಲಿ ಹೆಬ್ಬೆರಳು ಅದ್ದಿ, ಅಲ್ಲಿ ಒತ್ತಬಹುದೇ ಎಂದು ಕೇಳಿದ. ಬೊಂಬೆಯ ಪಾದಕ್ಕಿಂತ ಅವನ ಬೆರಳು ದೊಡ್ಡದಾಗಿತ್ತು, ಕಪ್ಪು ಬಣ್ಣ ಅಂಚಿನಾಚೆಗೂ ಹತ್ತಿತು. ಹೆಡ್ಮಾಸ್ತರರು ಒಣಗಲೆಂದು ಉಫ್ ಉಫ್ ಎಂದು ಊದುತ್ತಿದ್ದರು. ಜಾನಕಮ್ಮ ಮಾತ್ರ ಆಚಾರಿಯ ಹೆಬ್ಬೆರಳನ್ನೇ ನೋಡುತ್ತಿದ್ದರು.

"ನಿಮಗೆ ಓದೋಕೆ ಬರತ್ತಾ?" ಎಂದು ಕೇಳಿದರು.

"ಇಲ್ಲ ಅಮ್ಮ."

ಜಾನಕಮ್ಮ ಲೋಟದಲ್ಲಿ ಉಳಿದ ನೀರನ್ನು ಕುಡಿದು ಸೇಸಮ್ಮನ ಕೈಗೆ ಕೊಟ್ಟರು. ರಸ್ತೆಯವರೆಗೆ ಆಚಾರಿ ಬಂದು ಕಳಿಸಿಕೊಟ್ಟ, ಧನಿಗಳಿಗೆ ನಮಸ್ಕಾರ ಹೇಳಿ ಎಂದ. ಅವನ ಬೆರಳಿನ ಕಪ್ಪು ಬೈರಾಸಿಗೆ ಹತ್ತಿತ್ತು. ಬಸ್ಸು ಬರುವ ತನಕ ಜಾನಕಮ್ಮ ಶ್ರೇಯಾಂಸನ ಪಕ್ಕ ನಿಂತರೂ ಅವನ ಕಡೆ ನೋಡಲಿಲ್ಲ. ಶಾಲೆಯಲ್ಲಿ ಕದ್ದು ಬರೆದು ಸಿಕ್ಕಿಬಿದ್ದವನ ಪಕ್ಕದ ಹುಡುಗಿ ಹೀಗೆಯೇ ನಿಲ್ಲುತ್ತಿದ್ದಳು.

ಒಂದೂವರೆಯ ಬಸ್ಸು ಬಂತು. ಟವೆಲು ಸೀಟಿನ ಮೇಲೆಯೇ ಇತ್ತು. ಶ್ರೇಯಾಂಸ ಇವತ್ತು ಬರುತ್ತಾನೆಂದು ರವೂಫನಿಗೆ ಹೇಗೆ ಗೊತ್ತೋ, ಅಥವಾ ದಿನವೂ ಹಾಗೆಯೇ ಹಾಸಿರುತ್ತಾನೋ, ಅದೂ ಅವನಿಗೆ ತಿಳಿದಿರಲಿಲ್ಲ. ಮೂವರೂ ಅಲ್ಲಿಯೇ ಒತ್ತಿ ಕೂತರು. ಬಸ್ಸು ಹೊರಟ ಮೇಲೆ ಜಾನಕಮ್ಮ, ಬೇರೆಯವರಿಗೆ ಕೇಳದಂತೆ, ಆ ಚೀಟಿ ಇರಲಿಲ್ಲ ಅಲ್ಲವೇ ಎಂದರು. ಇರಲಿಲ್ಲ ಎಂದ. ಅವರು ಇನ್ನೂ ಒಂದು ಕೇಳಿದರು: ಹಾಗಾದರೆ ಕಾಲು ಯಾಕೆ ಗಿಡ್ಡವಾಯಿತು? ನಾನು ನಡೆದು ತೋರಿಸಿದೆ ಎಂದ. ಯಾರ ಹಾಗೆ? ಅದಕ್ಕೆ ಅವನು ಉತ್ತರ ಕೊಡಬೇಕಾಗಲಿಲ್ಲ. ರವೂಫ್ ಟಿಕೆಟು ಹರಿಯುತ್ತ ಎರಡೂ ಕಡೆಯ ಸೀಟು ಹಿಡಿದು ಅವರ ಕಡೆಗೇ ಬರುತ್ತಿದ್ದ, ಒಂದು ಕಾಲು ಎಳೆದುಕೊಂಡು. ಜಾನಕಮ್ಮ ಆ ಕಾಲನ್ನು ಕಂಡರು, ಗಂಡನ ತೊಡೆಯ ಮೇಲಿದ್ದ ಬೊಂಬೆಯನ್ನು ಕಂಡರು, ಸೆರಗನ್ನು ಬೊಂಬೆಯ ಮೇಲೆ ಎಳೆಯಲು ಕೈ ಚಾಚಿದರು. ಹೆಡ್ಮಾಸ್ತರರಿಗೆ ಅಷ್ಟೆಲ್ಲ ಕಣ್ಣಿಲ್ಲ. ಕಂಡಕ್ಟ್ರೇ, ನಿಮ್ಮವರೇ ಒಬ್ಬರಿದ್ದಾರೆ ನೋಡಿ ಎಂದು ಬೊಂಬೆಯನ್ನು ಅವನ ಕೈಗೇ ಕೊಟ್ಟರು.

ರವೂಫ್ ಕಂಬಕ್ಕೆ ಒರಗಿ ನಿಂತ. ಬೊಂಬೆಯ ಹೆಗಲು ಒತ್ತಿದ. ಸೀಟಿ ಹಿಡಿದ ಕೈ ಬಾಯಿಗೆ ಹೋಯಿತು. ಬಿಟ್ಟ, ಇಳಿಯಿತು. ಮಗುಚಿ ಪಾದ ನೋಡಿದ. ಇದು ಆಚಾರಿಯ ಹೆಬ್ಬೆಟ್ಟು, ಅವರ ತಪ್ಪಿನ ಗುರುತು ಎಂದು ಹೆಡ್ಮಾಸ್ತರರು ಕಥೆಯನ್ನು ಮತ್ತೊಮ್ಮೆ ಪೂರ್ತಿ ಹೇಳಿದರು, ಕಾಲು, ಕಾಲು ಇಂಚು, ತುಳು, ಎಲ್ಲ. ರವೂಫ್ ಮರ್ಯಾದೆಯಿಂದ ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖದ ಮೇಲೆ ಅದೇ ನಗು ಬಂತು. ಶ್ರೇಯಾಂಸ ಮೊದಲ ಸಲ ಆ ನಗುವನ್ನು ನೋಡಿದ, ನೋಡದೆ ವಿಧಿ ಇರಲಿಲ್ಲ. ಅದು ನಗು ಆಗಿರಲಿಲ್ಲ, ಹಲ್ಲು ಕಚ್ಚಿ ಹಿಡಿದ ಬಾಯಿ ಅಷ್ಟೆ. ಎಲ್ಲ ಗೊತ್ತಿತ್ತು ಇವನಿಗೆ. ಟವೆಲು ಹಾಸುವಾಗಲೂ ಗೊತ್ತಿತ್ತು.

"ಆಚಾರಿಗೆ ತಪ್ಪಲಿಲ್ಲ ಸಾರ್. ತೋರಿಸಿದವನಿಗೆ ತಪ್ಪಿದ್ದು" ಎಂದ ರವೂಫ್. "ಇದಕ್ಕೆ ಬಲಗಾಲು. ನನ್ನದು ಎಡದ್ದು."

ಬೊಂಬೆಯನ್ನು ಹೆಡ್ಮಾಸ್ತರರಿಗೆ ಕೊಡದೆ ಶ್ರೇಯಾಂಸನ ತೊಡೆಯ ಮೇಲೆ ಇಟ್ಟ. ಬಗ್ಗಿ, ಮೆಲ್ಲಗೆ, ಅವನಿಗೊಬ್ಬನಿಗೆ ಎಂಬಂತೆ ಹೇಳಿದ.

"ಇಷ್ಟು ವರ್ಷ ಎದುರು ಕೂತಿದ್ದಿಯಲ್ಲ ಮಾರಾಯ. ಯಾವ ಕಾಲು ಅಂತ ಆದರೂ ನೋಡಬಹುದಿತ್ತು."

ಎದುರು ಕೂತು ನೋಡಿದ್ದೇ ತಪ್ಪಾಗಿತ್ತು. ತನ್ನ ಬಲಗೈಯ ಕಡೆಗೆ ಕಂಡದ್ದನ್ನು ತನ್ನ ಬಲಗಾಲಿನಲ್ಲಿ ಕುಂಟಿದ್ದ, ಕನ್ನಡಿಯ ಮುಂದೆ ನಿಂತವನ ಹಾಗೆ. ಶಾಲೆಗೆ ಒಟ್ಟಿಗೆ ನಡೆದು ಹೋದ ಐದು ವರ್ಷ ಇದ್ದವು, ಆಗಲೂ ಪಕ್ಕದಲ್ಲಿದ್ದ ಕಾಲು ಯಾವುದು ಎಂದು ತಿಳಿಯಲಿಲ್ಲ. ಆಡಿಕೊಳ್ಳುವುದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ನೋಡಿದ್ದ. ತಾನು ಯಾರನ್ನೂ ಯಾವತ್ತೂ ನೋಡಿಲ್ಲ ಎಂದು ಅವನಿಗೆ ಅನ್ನಿಸಿತು. ಹೆಡ್ಮಾಸ್ತರರ ಕಡೆ ತಿರುಗಿದ. ಬರೆದುಕೊಳ್ಳಿ ಸಾರ್, ಎಂದ. ಆರನೆಯ ಪ್ರಶ್ನೆಗೆ ಉತ್ತರ ಬೇರೆ ಉಂಟು. ಚೀಟಿ ಸುಳ್ಳು. ಆಚಾರಿಗೆ ಓದು ಬರುವುದಿಲ್ಲ. ಮಾವನನ್ನು ನಗಿಸಲಿಕ್ಕೆ ನಾನು ಕುಂಟಿ ತೋರಿಸಿದೆ, ನನ್ನ ಹೆಸರು ಹಾಕಿ. ಎಲ್ಲವನ್ನೂ ಹೇಳಿದ, ಸಾಕಷ್ಟು ಗಟ್ಟಿಯಾಗಿಯೇ. ಹಿಂದಿನ ಸೀಟಿನ ಮೀನಿನ ಬುಟ್ಟಿಯ ಹೆಂಗಸು ಕತ್ತೆತ್ತಿ ನೋಡಿದಳು.

ಹೆಡ್ಮಾಸ್ತರರು ನೋಟ್‌ಬುಕ್ಕು ತೆರೆದರು. ಪೆನ್ನಿನ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಹಾಳೆಯ ಮೇಲೆ ಹಿಡಿದು, ಮತ್ತೆ ಮುಚ್ಚಿದರು. ಅವರ ಮುಖ ಕೆಂಪಾಗಿತ್ತು, ಬೇರೆಯವರ ಮನೆಯೊಳಗೆ ಗೊತ್ತಿಲ್ಲದೆ ನುಗ್ಗಿದವರ ಹಾಗೆ. "ಬಿಡಿ ಸ್ವಾಮಿ" ಎಂದರು. "ಜನಕ್ಕೆ ಆ ಕಾಲಿನ ಕಥೆ ತುಂಬಾ ಹಿಡಿಸಿದೆ. ಅದೇ ಇರಲಿ." ಜಾನಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ಬೊಂಬೆ ಶ್ರೇಯಾಂಸನ ತೊಡೆಯ ಮೇಲೆ ಬಸ್ಸು ಕುಲುಕಿದ ಹಾಗೆಲ್ಲ ಗಿಡ್ಡ ಕಾಲಿನ ಕಡೆಗೆ ವಾಲುತ್ತಿತ್ತು. ಹೆಬ್ಬೆಟ್ಟಿನ ಕಪ್ಪು ಇನ್ನೂ ಪೂರ್ತಿ ಒಣಗಿರಲಿಲ್ಲ, ಅವನ ಬಿಳಿ ಪಂಚೆಗೆ ಹತ್ತಿತು.

ರವೂಫ್ ತಿರುಗಿ ಬಸ್ಸಿನ ಹಿಂದಕ್ಕೆ ನಡೆಯುತ್ತಿದ್ದ, ಒಂದೊಂದೇ ಸೀಟು ಹಿಡಿದು. ಶ್ರೇಯಾಂಸ ಕಿಟಕಿಯ ಕಡೆ ನೋಡಲಿಲ್ಲ. ಎಡಗಾಲು. ಹಿಂದಿನಿಂದ ನೋಡಿದರೆ ಯಾರಿಗೂ ತಪ್ಪುವಂತಿರಲಿಲ್ಲ.